ಗೂಬಕ್ಕನ ಎಚ್ಚರ

ಅವಳನ್ನು ಎಲ್ಲರೂ ಗೂಬಕ್ಕ ಎಂದೇ ಕರೆಯುತ್ತಿದ್ದರು. ಮೊದಲು ಕರೆದವರು ಯಾರೋ ಗೊತ್ತಿಲ್ಲ, ಹೀಯಾಳಿಸಲೆಂದೇ ಕರೆದಿರಬೇಕು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ರಾತ್ರಿಯೆಲ್ಲ ಕಣ್ಣು ಬಿಟ್ಕೊಂಡು ಕೂರೋಳನ್ನ ಗಿಳಿ ಅಂತ ಕರೀತಾರಾ?" ಎಂದು ನಕ್ಕು ಆ ಹೆಸರನ್ನೇ ಇಟ್ಟುಕೊಂಡಳು. ನಮ್ಮನ್ನು ಕೆಲಸಕ್ಕೆ ಕಳಿಸುವ ಏಜೆನ್ಸಿಯವರು ಅವಳ ನಿಜವಾದ ಹೆಸರು ಹಿಡಿದು ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ, ಪಕ್ಕದಲ್ಲಿದ್ದ ನಾವೇ ಮೊಣಕೈಯಿಂದ ತಿವಿಯಬೇಕಾಗುತ್ತಿತ್ತು.

ನಮ್ಮದು ಹಾಸಿಗೆ ಹಿಡಿದವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ಕೆಲಸ. ನಾನು ಹಗಲಿನವಳು, ಅವಳು ರಾತ್ರಿಯವಳು. ಒಂದೇ ಮನೆ, ಒಂದೇ ರೋಗಿ. ಆದರೆ ನಾವಿಬ್ಬರೂ ಒಟ್ಟಿಗೆ ಸಿಗುತ್ತಿದ್ದುದು ಬೆಳಿಗ್ಗೆ ಅವಳು ಹೊರಡುವಾಗ ಸ್ವಲ್ಪ ಹೊತ್ತು, ಸಂಜೆ ನಾನು ಹೊರಡುವಾಗ ಸ್ವಲ್ಪ ಹೊತ್ತು. ಅಷ್ಟರಲ್ಲೇ ಅವಳ ಹಣೆಬರಹವೆಲ್ಲ ನನಗೆ ಗೊತ್ತಾಯಿತು, ನನ್ನದು ಅವಳಿಗೆ ಗೊತ್ತಾಯಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಅವಳಿಗೆ ಎಲ್ಲಿತ್ತೋ ನಾನು ಹುಡುಕಿ ಸೋತೆ. ಅದಕ್ಕೇ ಅವಳ ಪಾಲಿನ ಸಿಟ್ಟನ್ನೂ ನಾನೇ ಮಾಡಬೇಕಾಯಿತು, ಈಗಲೂ ಮಾಡುತ್ತಿದ್ದೇನೆ.

ಈ ಕೆಲಸಕ್ಕೆ ಬರುವ ಮೊದಲು ಅವಳು ನೂಲಿನ ಕಾರ್ಖಾನೆಯಲ್ಲಿ ಬಹಳ ವರ್ಷ ರಾತ್ರಿ ಪಾಳಿಯಲ್ಲಿದ್ದಳು. ಉದ್ದಕ್ಕೆ ಹಬ್ಬಿದ ಯಂತ್ರದ ಮುಂದೆ ನಿಂತು, ಓಡುವ ಎಳೆಗಳಲ್ಲಿ ಯಾವುದು ಕಡಿಯಿತೆಂದು ನೋಡಿ ಗಂಟು ಹಾಕುವುದು ಅವಳ ಕೆಲಸ. ಅಲ್ಲಿ ಚಡಪಡಿಸುವವರು ಬಾಳುವುದಿಲ್ಲ. ಮೈಯನ್ನು ಸುಮ್ಮನಿರಿಸಿ ಕಣ್ಣನ್ನು ಮಾತ್ರ ಓಡಿಸಬೇಕು. ಅವಳು ಮದುವೆಯಾದವನಿಗೆ ಹಗಲು ಪಾಳಿ. "ನಾವು ಜಗಳ ಆಡೋದಕ್ಕೂ ಭಾನುವಾರ ಬರ್ಬೇಕಿತ್ತು ಕಣೆ. ಅವನು ಬಿಟ್ಟು ಹೋಗಿದ್ದಾನೆ ಅಂತ ನಂಗೆ ಗೊತ್ತಾಗಿದ್ದೇ ಭಾನುವಾರ, ಅಷ್ಟೊತ್ತಿಗೆ ಅವನು ಬೇರೆ ಊರಲ್ಲಿ ಮನೆ ಮಾಡಿ ಪಾತ್ರೆನೂ ಜೋಡಿಸಿಕೊಂಡಿದ್ದ" ಎನ್ನುತ್ತಿದ್ದಳು. ಕಾರ್ಖಾನೆ ಮುಚ್ಚಿದ ಮೇಲೂ ಅವಳ ಮೈಗೆ ರಾತ್ರಿಯೇ ಹಗಲಾಗಿತ್ತು. ಸೈಕಲ್ ರಿಪೇರಿ ಅಂಗಡಿಯ ಮೇಲೊಂದು ಕೋಣೆ ಮಾಡಿಕೊಂಡಿದ್ದಳು. ಕೆಳಗೆ ಬೆಳಗಿನಿಂದ ರಿಮ್ಮು ಬಡಿಯುವ ಸದ್ದು, ಮೇಲೆ ಇವಳು ಕಣ್ಣಿಗೆ ಒದ್ದೆ ಟವೆಲ್ಲು ಹಾಕಿಕೊಂಡು ಗಡದ್ದಾಗಿ ನಿದ್ದೆ. ಸಂಜೆ ತಲೆ ಬಾಚಿಕೊಂಡು ಬಂದರೆ ಮುಖ ತೊಳೆದ ಪಾತ್ರೆಯಷ್ಟು ಚೊಕ್ಕ.

ನಮ್ಮ ರೋಗಿಯನ್ನು ನಾವು ಅಮ್ಮ ಎನ್ನುತ್ತಿದ್ದೆವು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಡೀ ಊರಿನ ಮಾತು ಜೋಡಿಸುತ್ತಿದ್ದವರು. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಹೋಗಿದ್ದವು, ಗಂಟಲ ಬಲವೂ ಹೋಗಿತ್ತು. ಕಫ ಕಟ್ಟಿದರೆ ಉಗುಳಲು ಬಾರದು. ಮಲಗಿದ ಸ್ವಲ್ಪ ಹೊತ್ತಿಗೆ ಉಸಿರು ಸಿಕ್ಕಿಕೊಂಡು ಕಣ್ಣು ಕಿತ್ತುಬರುವಂತೆ ಎದ್ದುಬಿಡುತ್ತಿದ್ದರು. ಹಾಗಾಗಿ ನಿದ್ದೆ ಎಂದರೇ ಅವರಿಗೆ ಭಯ. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ರಾತ್ರಿ ನಿದ್ದೆ ಆಗಬೇಕು, ಆಗದಿದ್ದರೆ ಈ ಹೃದಯ ತಡೆಯುವುದಿಲ್ಲ. ಆ ಮನೆಯಲ್ಲಿ ಉಳಿದ ಮಾತೆಲ್ಲ ಆಮೇಲಿನದು. ಅಮ್ಮ ರಾತ್ರಿ ಮಲಗಿದರೆ ಉಳಿಯುತ್ತಾರೆ, ಮಲಗದಿದ್ದರೆ ಇಲ್ಲ.

ಅವರನ್ನು ಮಲಗಿಸಲು ದಾರಿ ಕಂಡುಕೊಂಡವಳು ಗೂಬಕ್ಕ. ಅಮ್ಮನನ್ನು ಎಡಮಗ್ಗುಲಿಗೆ ದಿಂಬಿಗೆ ಒರಗಿಸಿ, ತಾನು ಹಿಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಎಡ ಅಂಗೈಯನ್ನು ಅಮ್ಮನ ಬೆನ್ನಿನ ಮೇಲೆ, ಎರಡು ರೆಕ್ಕೆ ಎಲುಬುಗಳ ನಡುವೆ ಇಡುತ್ತಿದ್ದಳು. ಬಲಗೈಯನ್ನು ಭುಜದ ಮೇಲಿಂದ ಮುಂದಕ್ಕೆ ಚಾಚಿದರೆ ಅಮ್ಮ ಅದನ್ನು ತಮ್ಮ ಸರಿಯಿರುವ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಕಫ ಸೇರತೊಡಗಿದರೆ ಕಿವಿಗೆ ಕೇಳುವ ಮೊದಲೇ ಬೆನ್ನಿನಲ್ಲಿ ಅಂಗೈಗೆ ತಿಳಿಯುತ್ತದೆ, ಬೆಕ್ಕು ಗುರುಗುಟ್ಟಿದ ಹಾಗೆ. ಆಗ ಎತ್ತಿ ಕೂರಿಸಿ ಕಫ ಹೀರುವ ಯಂತ್ರದ ನಳಿಕೆಯಿಂದ ಎಳೆದುಬಿಡುವುದು, ಮತ್ತೆ ಒರಗಿಸುವುದು. ಉಳಿದಷ್ಟು ಹೊತ್ತೂ ಕೈ ಮಿಸುಕಬಾರದು. ಅಂಗೈ ಒಂದಿಷ್ಟು ಸರಿದರೂ ಇವಳು ಎದ್ದು ಹೋದಳೆಂದು ಅಮ್ಮ ಬೆಚ್ಚಿ ಕಣ್ಣು ಬಿಡುತ್ತಿದ್ದರು. ಕೈ ಇದ್ದಲ್ಲೇ ಇದ್ದರೆ ಮಗುವಿನಂತೆ ಮಲಗುತ್ತಿದ್ದರು. ಬೆಳಿಗ್ಗೆ ನಾನು ಹೋದಾಗ ಅಮ್ಮನ ಕಣ್ಣು ತಿಳಿಯಾಗಿರುತ್ತಿತ್ತು, ಗೂಬಕ್ಕ ಮರಗಟ್ಟಿದ ಎಡತೋಳನ್ನು ತಿಕ್ಕಿಕೊಳ್ಳುತ್ತಿರುತ್ತಿದ್ದಳು.

ಅಮ್ಮನ ಮಗ ಮಹಡಿಯ ಮೇಲಿರುತ್ತಿದ್ದ. ತೂಕದ ಯಂತ್ರ ಮಾರುವ ಅಂಗಡಿಯವನು. ಕೆಟ್ಟವನೆಂದು ಹೇಳಲಾರೆ, ಹೇಳಬೇಕೆಂದು ನಾಲಿಗೆ ತುರಿಸುತ್ತದೆ ಅಷ್ಟೆ. ತಾಯಿಗೆ ಗಾಳಿ ತುಂಬುವ ಹಾಸಿಗೆ, ಆಮ್ಲಜನಕದ ಯಂತ್ರ, ಎಲ್ಲವನ್ನೂ ತಂದಿಟ್ಟಿದ್ದ. ಆದರೆ ಮನುಷ್ಯರ ಮಾತು ಅವನಿಗೆ ರುಚಿಸದು. "ಯಂತ್ರಕ್ಕೆ ಯಾರ ಮೇಲೂ ಪ್ರೀತಿ ಇಲ್ಲ, ದ್ವೇಷ ಇಲ್ಲ, ಅದಕ್ಕೇ ಅದು ಸುಳ್ಳು ಹೇಳಲ್ಲ" ಎನ್ನುವುದು ಅವನ ದೊಡ್ಡ ಜ್ಞಾನ. ಅವನ ಮಣಿಕಟ್ಟಿನಲ್ಲೂ ನಿದ್ದೆ, ಎದೆಬಡಿತ ಅಳೆಯುವ ಪಟ್ಟಿಯೊಂದು ಸದಾ ಇರುತ್ತಿತ್ತು. ಬೆಳಿಗ್ಗೆ ಲವಲವಿಕೆಯಿಂದ ಮೆಟ್ಟಿಲಿಳಿದು ಬರುವನು. "ಚೆನ್ನಾಗಿ ನಿದ್ದೆ ಬಂತಾ ಸಾರ್?" ಎಂದು ಕೇಳಿದರೆ ಫೋನು ತೆಗೆದು ನೋಡುವನು. ನೋಡಿದ ಮೇಲೆ ಮುಖ ಬಾಡುವುದು. "ಇಲ್ಲ, ಗಾಢ ನಿದ್ದೆ ಕಡಿಮೆ ಆಗಿದೆ" ಎಂದು ಹೇಳಿ, ಆಗ ಆಕಳಿಸಲು ಶುರುಮಾಡುವನು. ಇಂಥ ಬೆಪ್ಪುತಕ್ಕಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೀಗಿರುವಾಗ ಬೇರೆ ಯಾವುದೋ ಮನೆಯಲ್ಲಿ ರಾತ್ರಿಯವಳೊಬ್ಬಳು ಗೊರಕೆ ಹೊಡೆದು ಸಿಕ್ಕಿಬಿದ್ದಳು. ದೂರು ಬಂತು. ನಮ್ಮ ಏಜೆನ್ಸಿಯ ಮ್ಯಾನೇಜರನಿಗೆ ಜ್ಞಾನೋದಯವಾಯಿತು. ಅವನ ಕಚೇರಿ ಔಷಧಿ ಗೋದಾಮಿನ ಹಿಂದೆ, ಕಿಟಕಿಯಿಲ್ಲದ ಕೋಣೆ. ಎಲ್ಲರನ್ನೂ ಅಲ್ಲಿ ತುಂಬಿ ರಾತ್ರಿಯವರಿಗೆಲ್ಲ ಒಂದೊಂದು ಕಪ್ಪು ಪಟ್ಟಿ ಹಂಚಿದ. ಎಡಗೈಗೇ ಕಟ್ಟಬೇಕು, ಬೆಳಗಿನವರೆಗೆ ಬಿಚ್ಚಬಾರದು. ನಾವು ಎಚ್ಚರವಿದ್ದೆವೋ ಮಲಗಿದ್ದೆವೋ ಎಂಬ ವರದಿ ರೋಗಿಯ ಮನೆಯವರ ಫೋನಿಗೂ ಅವನ ಫೋನಿಗೂ ನೇರವಾಗಿ ಹೋಗುತ್ತದೆ. ಎಚ್ಚರವಿದ್ದರೆ ಹಸಿರು, ಮಲಗಿದ್ದರೆ ನೀಲಿ, ಪಕ್ಕದಲ್ಲಿ ಎದೆಬಡಿತ. "ಇನ್ನು ಮೇಲೆ ಯಾರೂ ಯಾರಿಗೂ ಆಣೆ ಪ್ರಮಾಣ ಮಾಡೋದು ಬೇಡ, ಎಲ್ಲಾ ಇದೇ ಹೇಳುತ್ತೆ" ಎಂದು ಹಲ್ಲು ಕಿರಿದ.

ಮೊದಲ ಬೆಳಿಗ್ಗೆಯೇ ಗೂಬಕ್ಕನ ವರದಿ ನೀಲಿ ಬಂತು. ಬರದೆ ಏನು? ಆ ಪಟ್ಟಿಗೆ ಗೊತ್ತಿರುವುದು ಎರಡೇ ಸಂಗತಿ. ಕೈ ಆಡಿತೇ, ನಾಡಿ ಓಡಿತೇ. ಗೂಬಕ್ಕನ ಕೈ ಆಡುವುದಿಲ್ಲ. ಅವಳ ನಾಡಿಯೋ ಹುಟ್ಟಿನಿಂದಲೇ ನಿಧಾನ, ಮೇಲೆ ಅಮ್ಮನ ಉಸಿರಿನ ಜೊತೆ ತಾನೂ ಉಸಿರಾಡುತ್ತ ಕೂತರೆ ಇನ್ನೂ ತಗ್ಗುತ್ತದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವಳನ್ನು ಅದು ಗಾಢ ನಿದ್ದೆಯಲ್ಲಿದ್ದಾಳೆಂದು ಬರೆಯಿತು. ಕಫ ತೆಗೆಯಲು ಎದ್ದಾಗ ಮಾತ್ರ ನಡುನಡುವೆ ಹಸಿರು ಗೀರು. ಅದನ್ನು ನೋಡಿ ಮಗರಾಯ ಹೇಳಿದ್ದೇನು ಗೊತ್ತೇ? "ಮಧ್ಯೆ ಮಧ್ಯೆ ಎಚ್ಚರ ಆಗ್ತಿದೆ ಪಾಪ, ಉಳಿದಂತೆ ಆರಾಮಾಗಿ ಮಲಗ್ತಾರೆ."

ನನ್ನ ಮೈಯೆಲ್ಲ ಉರಿಯಿತು. ಗೂಬಕ್ಕ ಮಾತ್ರ ಚೀಲ ಹೆಗಲಿಗೆ ಹಾಕಿಕೊಂಡು, "ನಾನು ಮಲಗಿಲ್ಲ ಸಾರ್" ಎಂದಳು. ಅಷ್ಟೇ.

ಬೇರೆ ರಾತ್ರಿಯವರು ಅವಳಷ್ಟು ಪೆದ್ದರಲ್ಲ. ವಾರ ಕಳೆಯುವುದರೊಳಗೆ ದಾರಿ ಹುಡುಕಿಕೊಂಡಿದ್ದರು. ಒಬ್ಬಳು ಪಟ್ಟಿಯನ್ನು ಅತ್ತಿತ್ತ ತಿರುಗುವ ಟೇಬಲ್ ಫ್ಯಾನಿನ ಜಾಲರಿಗೆ ಕಟ್ಟಿ ತಾನು ಸೋಫಾದಲ್ಲಿ ಕಾಲು ಚಾಚುತ್ತಿದ್ದಳು. ಆ ಪಟ್ಟಿ ಫ್ಯಾನಿಗೂ ಎದೆಬಡಿತ ಇದೆಯೆಂದು ಬರೆಯಿತಂತೆ. ಇನ್ನೊಬ್ಬಳು ಆ ಮನೆಯ ನಾಯಿಯ ಕೊರಳಿಗೆ ಕಟ್ಟಿದಳು. ನಾಯಿ ರಾತ್ರಿಯಿಡೀ ಗೇಟಿನ ಬಳಿ ಓಡಾಡಿತು. ಎಷ್ಟು ಚುರುಕಾಗಿ ಕೆಲಸ ಮಾಡಿದ್ದಾಳೆಂದು ಮ್ಯಾನೇಜರ್ ಎಲ್ಲರೆದುರು ಅವಳ ಬೆನ್ನು ತಟ್ಟಿದ. ನಾವೆಲ್ಲ ತುಟಿ ಕಚ್ಚಿಕೊಂಡು ನಿಂತಿದ್ದೆವು, ನಗು ತಡೆಯಲಾಗದೆ ಒಬ್ಬಳು ಕೆಮ್ಮುವ ನೆಪದಲ್ಲಿ ಹೊರಗೆ ಹೋದಳು.

ನಾನು ಗೂಬಕ್ಕನಿಗೆ ಬುದ್ಧಿ ಹೇಳಿದೆ. "ಆಗಾಗ ಕೈ ಅಲ್ಲಾಡಿಸು ಮಾರಾಯ್ತಿ."

"ಅಲ್ಲಾಡಿಸಿ ನೋಡ್ದೆ. ಪ್ರತಿ ಸಲ ಅಮ್ಮ ಎದ್ದುಬಿಟ್ರು. ಆಮೇಲೆ ಮಲಗೋಕೆ ಎಷ್ಟು ಒದ್ದಾಡಿದ್ರು ಗೊತ್ತಾ?"

"ಬಲಗೈಗೆ ಕಟ್ಕೋ."

"ಅದನ್ನ ಅಮ್ಮ ಹಿಡ್ಕೊಂಡಿರ್ತಾರಲ್ಲ."

"ಹಾಗಾದ್ರೆ ಕಾಲಿಗೆ ಕಟ್ಕೊಂಡು ಕಾಲು ಕುಣಿಸ್ತಾ ಕೂತ್ಕೋ. ಯಾರು ನೋಡ್ತಾರೆ?"

ಅವಳು ನನ್ನನ್ನೇ ನೋಡಿದಳು. "ಇಷ್ಟು ವರ್ಷ ರಾತ್ರಿ ಕೆಲಸ ಮಾಡಿದೀನಿ. ಈಗ ನಾನು ಎಚ್ಚರ ಇದ್ದೀನಿ ಅಂತ ತೋರ್ಸೋಕೆ ಕುಣೀಬೇಕಾ?" ಎಂದಳು. ಆ ಒಣ ಜಂಬಕ್ಕೆ ನನಗೆ ಅವಳ ಮೇಲೂ ಕೋಪ ಬಂತು. ಕುಣಿದಿದ್ದರೆ ಏನು ಗಂಟು ಹೋಗುತ್ತಿತ್ತು? ಆದರೆ ಅವಳು ಸುಳ್ಳಿಗೆ ಒಗ್ಗದ ಹೆಂಗಸು, ಜಗ್ಗಲಿಲ್ಲ.

ನೀಲಿ ದಿನವೂ ಬರತೊಡಗಿತು. ಮಗನ ಮುಖ ದಿನದಿನಕ್ಕೆ ಬಿಗಿಯಾಯಿತು. ಕೊನೆಗೊಂದು ಬೆಳಿಗ್ಗೆ ಅಮ್ಮನ ಮಂಚದ ಬಳಿಯೇ ನಿಂತು ಪಂಚಾಯಿತಿ ಶುರುಮಾಡಿದ. "ನೋಡಿ, ನಂಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ಅಮ್ಮಂಗೆ ಏನಾದ್ರೂ ಆದ್ರೆ ಯಾರು ಹೊಣೆ? ಇದ್ರಲ್ಲಿ ಸ್ಪಷ್ಟವಾಗಿ ಇದೆ, ನೀವು ಮಲಗ್ತೀರಿ."

ಗೂಬಕ್ಕ ಬಾಯಿ ತೆರೆಯುವ ಮೊದಲೇ ಮಂಚದಿಂದ ಸದ್ದು ಬಂತು. ಅಮ್ಮನಿಗೆ ಒಂದು ಮಾತು ಹೊರಡಬೇಕಾದರೆ ಮುಖವೆಲ್ಲ ಕೆಂಪಾಗುತ್ತಿತ್ತು. ಎಡಗೈ ಎತ್ತಿ ಗೂಬಕ್ಕನನ್ನು ತೋರಿಸಿದರು. "ಅವಳು... ಮಲಗಲ್ಲ" ಎಂದರು. ಉಸಿರು ತೆಗೆದುಕೊಂಡು ಇನ್ನೊಮ್ಮೆ ಹೇಳಿದರು. "ಮಲಗಲ್ಲ. ಕೈ... ಇರುತ್ತೆ."

ಮಗ ಬಗ್ಗಿ ತಾಯಿಯ ಹಣೆ ಸವರಿದ. "ಅಮ್ಮಾ, ರಾತ್ರಿ ನೀನು ಚೆನ್ನಾಗಿ ಮಲಗಿರ್ತೀಯ. ನಿಂಗೆ ಹೇಗೆ ಗೊತ್ತಾಗುತ್ತೆ ಅವ್ರು ಎಚ್ಚರ ಇದ್ರಾ ಇಲ್ವಾ ಅಂತ?"

ಅಲ್ಲ, ಆ ಮಾತು ಅವನ ಬಾಯಿಂದಲೇ ಬಂತು, ಅಮ್ಮ ಚೆನ್ನಾಗಿ ಮಲಗಿರುತ್ತಾರೆ ಎಂದು. ಬಂದ ಮಾತು ಅವನ ಕಿವಿಗೇ ಬೀಳಲಿಲ್ಲ. ಅಮ್ಮ ಅವನನ್ನೇ ದಿಟ್ಟಿಸಿ ನೋಡಿ, ಮುಖ ಗೋಡೆಯ ಕಡೆಗೆ ತಿರುಗಿಸಿಕೊಂಡರು.

ಅವನು ಏಜೆನ್ಸಿಗೆ ಫೋನು ಮಾಡಿ, ರಾತ್ರಿಗೆ ಬೇರೆಯವರನ್ನು ಕಳಿಸಿ ಎಂದ. ನಾನು ಬಿಡುತ್ತೇನೆಯೇ? ಅಮ್ಮನ ಬಳಿ ಅವನನ್ನೇ ಕೂರಿಸಿ, ಗೂಬಕ್ಕನನ್ನು ದರದರ ಎಳೆದುಕೊಂಡು ಮ್ಯಾನೇಜರನ ಕಚೇರಿಗೆ ಹೋದೆ. ಅವಳನ್ನು ಅವನ ಮೇಜಿನ ಎದುರೇ ಕುರ್ಚಿಯಲ್ಲಿ ಕೂರಿಸಿದೆ, ಪಟ್ಟಿ ಕೈಯಲ್ಲೇ ಇತ್ತು. ಅಂಗೈಯನ್ನು ಮೇಜಿನ ಮೇಲಿಡಿಸಿ, "ರಾತ್ರಿ ಹೇಗೆ ಕೂರ್ತೀಯೋ ಹಾಗೆ ಕೂರು" ಎಂದೆ. ಕೂತಳು. ಕಣ್ಣು ಅಗಲ ತೆರೆದುಕೊಂಡು ಮ್ಯಾನೇಜರನ ಮುಖವನ್ನೇ ನೋಡುತ್ತ ಕೂತಳು. ಅವನಿಗೆ ಕಸಿವಿಸಿಯಾಗಿ ಪೆನ್ನು ಉರುಳಿಸಿದ, ಕಾಗದ ಜೋಡಿಸಿದ, ಟೀ ತರಿಸಿ ಕುಡಿದ. ಅವಳು ಅಲ್ಲಾಡಲಿಲ್ಲ. ಬಹಳ ಹೊತ್ತಾದ ಮೇಲೆ ಅವನ ಫೋನನ್ನು ನಾನೇ ತೆಗೆದು ನೋಡಿದೆ. ನೀಲಿ.

"ಏನ್ ಹೇಳ್ತೀರಿ ಈಗ?" ಎಂದೆ.

ಮ್ಯಾನೇಜರ್ ಫೋನು ನೋಡಿದ, ಅವಳನ್ನು ನೋಡಿದ. ಮತ್ತೆ ಫೋನು ನೋಡಿದ. ಆಮೇಲೆ ಆ ಪುಣ್ಯಾತ್ಮ ಹೇಳಿದ್ದು ಇದು: "ಕೆಲವರು ಕಣ್ಣು ತೆರ್ಕೊಂಡೇ ಮಲಗ್ತಾರೆ. ಇವ್ರದ್ದು ಅದೇ ಇರ್ಬೇಕು. ಒಂದ್ಸಲ ಡಾಕ್ಟರಿಗೆ ತೋರ್ಸಿ."

"ನಿಮ್ಮ ಎದುರಿಗೆ ಕೂತಿದ್ದಾಳಲ್ರೀ, ಮಾತಾಡ್ಸಿ ನೋಡಿ."

"ಮಾತಾಡ್ಸಿದ್ರೆ ಎಚ್ಚರ ಆಗುತ್ತಲ್ಲಮ್ಮಾ" ಎಂದ.

ಇಂಥವನಿಗೆ ಏನು ಹೇಳುವುದು? ನಾನು ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಗೂಬಕ್ಕ ಮಾತ್ರ ಪಟ್ಟಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟು, "ಇನ್ನೊಬ್ರು ಬರೋರಿಗೆ ಬೆನ್ನಿನ ಮೇಲೆ ಕೈ ಇಡೋದನ್ನ ಹೇಳಿ ಕಳ್ಸಿ. ಕೈ ತೆಗೀಬಾರ್ದು" ಎಂದಳು. ಮ್ಯಾನೇಜರ್ ಆಯಿತು ಎಂದು ತಲೆಯಾಡಿಸಿದ. ಅವನು ಯಾರಿಗೂ ಹೇಳಲಿಲ್ಲ. ನಿದ್ದೆ ಮಾಡಿ ಕೆಲಸ ಕಳೆದುಕೊಂಡವಳು ಎಂಬ ಹೆಸರು ಅವಳಿಗೆ ಅಂಟಿತು, ಊರಿನ ಉಳಿದ ಏಜೆನ್ಸಿಗಳೂ ಬಾಗಿಲು ಹಾಕಿಕೊಂಡವು. ಕೊನೆಗೆ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯೊಂದರಲ್ಲಿ ಹಗಲು ಕೆಲಸಕ್ಕೆ ಸೇರಿದಳು. ಹಗಲು ಎದ್ದಿರಬೇಕು, ರಾತ್ರಿ ಮಲಗಬೇಕು, ಎರಡೂ ಅವಳ ಮೈಗೆ ಬಾರದು. ಒಂದು ಸಂಜೆ ಅವಳ ಕೋಣೆಗೆ ಹೋದಾಗ ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ನಾನು ಕೂರುವ ಮೊದಲೇ ಕೇಳಿದಳು, "ಅಮ್ಮ ರಾತ್ರಿ ಮಲಗ್ತಾರಾ?"

ಮಲಗುತ್ತಿರಲಿಲ್ಲ. ಅವಳ ಜಾಗಕ್ಕೆ ಬಂದವಳನ್ನು ನಾನು ಚಟಪಟ ಎಂದು ಕರೆಯುತ್ತಿದ್ದೆ. ನಡೆದರೆ ಚಪ್ಪಲಿ ಚಟಪಟ, ಮಾತಾಡಿದರೆ ಬಾಯಿ ಚಟಪಟ. ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಮಿಂದು ಮಡಿಯಾದವಳಂತೆ ನಗುತ್ತ ನಿಂತಿರುತ್ತಿದ್ದಳು, ರಾತ್ರಿಯೆಲ್ಲ ಎಚ್ಚರವಿದ್ದ ಮುಖವೇ ಅಲ್ಲ. ಬೆನ್ನಿನ ಮೇಲೆ ಕೈಯಿಡುವುದನ್ನು ನಾನೇ ಅವಳಿಗೆ ತೋರಿಸಿಕೊಟ್ಟೆ. "ಅಯ್ಯೋ ಅಕ್ಕ, ನಂಗೆ ಗೊತ್ತಿರಲ್ವಾ" ಎಂದಳು. ಅಮ್ಮನ ಕಣ್ಣು ಕೆಂಡದಂತಾಗತೊಡಗಿತು. ಪಾದ ಊದಿಕೊಂಡಿತು. ಹಗಲೆಲ್ಲ ತೂಕಡಿಸಿ, ಉಸಿರು ಸಿಕ್ಕಿ, ಬೆಚ್ಚಿ ಏಳುತ್ತಿದ್ದರು. ಮಾತಂತೂ ನಿಂತೇ ಹೋಯಿತು, ಇದ್ದ ಉಸಿರೆಲ್ಲ ಉಸಿರಾಡುವುದಕ್ಕೇ ಖರ್ಚಾಗುತ್ತಿತ್ತು.

ಫೋನಿನಲ್ಲಿ ಮಾತ್ರ ಹಸಿರೋ ಹಸಿರು. ಮಗರಾಯ ಅದನ್ನು ನನಗೇ ತೋರಿಸಿದ. "ನೋಡಿದ್ರಾ, ಒಂದು ಗೀರೂ ನೀಲಿ ಇಲ್ಲ. ಎದೆಬಡಿತ ನೋಡಿ, ನೂರರ ಮೇಲೇ ಇದೆ. ಕೂರೋದೇ ಇಲ್ಲ ಅನ್ಸುತ್ತೆ ಆ ಹುಡುಗಿ. ಎಷ್ಟು ದುಡೀತಾಳೆ."

"ಸಾರ್, ಅಮ್ಮ ರಾತ್ರಿ ಮಲಗ್ತಿಲ್ಲ" ಎಂದೆ.

"ನೀವು ಹಗಲು ಮಲಗೋಕೆ ಬಿಡ್ತೀರಿ, ಅದಕ್ಕೆ" ಎಂದ. ನನ್ನ ತಲೆಯ ಮೇಲೇ ಹಾಕಿದ. ಹಗಲು ಮಲಗಲು ಬಿಡಬೇಡಿ ಎಂದು ಅಪ್ಪಣೆಯನ್ನೂ ಕೊಟ್ಟ. ಡಾಕ್ಟರನ್ನು ಕರೆಸಿ ಎಂದು ದಿನಾ ಬಾಯಿ ಬಡಿದುಕೊಂಡೆ. ಮುಂದಿನ ತಪಾಸಣೆಗೆ ಹೇಗೂ ಹೋಗಬೇಕಲ್ಲ ಎಂದು ತಳ್ಳಿದ. ಅತ್ತ ಮ್ಯಾನೇಜರ್ ಚಟಪಟಳ ಫೋಟೋವನ್ನು ಕಚೇರಿಯ ಗೋಡೆಗೆ ಹಚ್ಚಿ, ಕೆಳಗೆ 'ಅತ್ಯುತ್ತಮ ಎಚ್ಚರ' ಎಂದು ಬರೆಸಿದ. ಮಗನೇ ಅದಕ್ಕೆ ಶಿಫಾರಸು ಮಾಡಿದ್ದನಂತೆ.

ಒಂದು ದಿನ ನಮ್ಮ ಬೀದಿಯಲ್ಲಿ ನೀರಿನ ಕೊಳವೆ ಹಾಕಲು ರಸ್ತೆ ಅಗೆದರು. ನನ್ನ ಬಸ್ಸು ಬೇರೊಂದು ಅಡ್ಡದಾರಿ ಹಿಡಿದು ಮಾಮೂಲಿಗಿಂತ ಬಹಳ ಬೇಗ ತಲುಪಿಸಿಬಿಟ್ಟಿತು. ಬೀಗದ ಕೈ ನನ್ನ ಹತ್ತಿರವೂ ಒಂದಿತ್ತು. ಬಾಗಿಲು ತೆಗೆದು ಒಳಗೆ ಹೋದೆ. ಹೊರಗಿನ ಕೋಣೆಯ ಸೋಫಾದಲ್ಲಿ ಚಟಪಟ ಕಂಬಳಿ ಹೊದ್ದು, ಬಾಯಿ ತೆರೆದು ಮಲಗಿದ್ದಳು. ಕಂಬಳಿಯಿಂದ ಹೊರಚಾಚಿದ್ದ ಅವಳ ಎಡಗೈ ಖಾಲಿ.

ಒಳಗೆ ಅಮ್ಮ ದಿಂಬಿಗೆ ಒರಗಿ ಕೂತಿದ್ದರು. ಕಣ್ಣು ಪೂರ್ತಿ ತೆರೆದಿತ್ತು. ತುಟಿ ನೀಲಿಗಟ್ಟಿತ್ತು, ಪ್ರತಿ ಉಸಿರಿಗೂ ಭುಜ ಮೇಲೇರಿ ಇಳಿಯುತ್ತಿತ್ತು. ಸರಿಯಿದ್ದ ಕೈ ಹಾಸಿಗೆಯ ಅಂಚನ್ನು ಕೆರೆಯುತ್ತಲೇ ಇತ್ತು. ರಾತ್ರಿಯ ಅಂಗಿಯ ತೋಳು ಮೇಲೆ ಸರಿದಿತ್ತು, ಅದೇ ಕೈಯ ಊದಿದ ಮಣಿಕಟ್ಟಿನ ಮಾಂಸಕ್ಕೆ ಆ ಕಪ್ಪು ಪಟ್ಟಿ ಕಚ್ಚಿಕೊಂಡಿತ್ತು.

ನಾನು ಅದನ್ನು ಬಿಚ್ಚಲಿಲ್ಲ. ಅಮ್ಮನನ್ನು ಮುಂದಕ್ಕೆ ಎತ್ತಿ, ಆಮ್ಲಜನಕ ಹಚ್ಚಿ, ಕಫ ಎಳೆಯುತ್ತಲೇ ಮನೆ ಹಾರಿಹೋಗುವ ಹಾಗೆ ಮಗನನ್ನು ಕೂಗಿದೆ. ಚಟಪಟ ಎದ್ದು ಬಂದು ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು, ಆಮೇಲೆ ಎತ್ತ ಹೋದಳೋ ನೋಡಲು ನನಗೆ ಪುರುಸೊತ್ತಿರಲಿಲ್ಲ. ಮಗ ಫೋನು ಹಿಡಿದುಕೊಂಡೇ ಮೆಟ್ಟಿಲಿಳಿದ. "ಏನಾಯ್ತು? ರಾತ್ರಿಯೆಲ್ಲ ಎಚ್ಚರ ಇದ್ದಾಳಲ್ಲ, ಈಗ ತಾನೆ ನೋಡ್ದೆ, ಪೂರ್ತಿ ಹಸಿರು" ಎಂದ.

ನಾನು ಅಮ್ಮನ ಕೈಯನ್ನು ಎತ್ತಿ ಅವನ ಮುಖದ ಮುಂದೆ ಹಿಡಿದೆ.

"ಅವಳದಲ್ಲ ಸಾರ್. ನಿಮ್ಮ ಅಮ್ಮಂದು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮಂಚದ ಸರಳು ಹಿಡಿದುಕೊಂಡ. ಅವನನ್ನು ಸಮಾಧಾನ ಮಾಡುವ ಗೋಜಿಗೆ ನಾನು ಹೋಗಲಿಲ್ಲ, "ಆಂಬ್ಯುಲೆನ್ಸಿಗೆ ಫೋನ್ ಮಾಡಿ, ಆ ಫೋನು ಅದಕ್ಕಾದ್ರೂ ಬರ್ಲಿ" ಎಂದೆ.

ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು ಕೇಳಿದ ಮೊದಲ ಪ್ರಶ್ನೆಯೇ, "ಹೃದಯ ಇಷ್ಟು ಜೋರಾಗಿ ಎಷ್ಟು ದಿನದಿಂದ ಬಡೀತಿದೆ? ಯಾರೂ ಗಮನಿಸಿಲ್ವಾ?" ಎಂದು. ಗಮನಿಸಿದ್ದ. ದಿನಾ ಬೆಳಿಗ್ಗೆ ಗಮನಿಸಿ, ಎಷ್ಟು ದುಡೀತಾಳೆ ಎಂದು ಮೆಚ್ಚಿಕೊಂಡಿದ್ದ. ಶ್ವಾಸಕೋಶದಲ್ಲಿ ನೀರು ತುಂಬಿದೆ, ನಿದ್ದೆಯಿಲ್ಲದೆ ದೇಹ ಸೋತಿದೆ, ನೋಡೋಣ ಎಂದು ಹೇಳಿ ಡಾಕ್ಟರು ಒಳಗೆ ಹೋದರು. ನಾನು ಲಾಂಡ್ರಿಗೆ ಫೋನು ಮಾಡಿ ಗೂಬಕ್ಕನಿಗೆ ವಿಷಯ ತಿಳಿಸಿದೆ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಅಮ್ಮ ಹೋದರು. ಕೊನೆಯವರೆಗೂ ಕಣ್ಣು ಮುಚ್ಚಲಿಲ್ಲವೆಂದು ನರ್ಸು ಹೇಳಿದಳು.

ಗೂಬಕ್ಕ ಲಾಂಡ್ರಿಯ ಒದ್ದೆ ಏಪ್ರನ್ನಿನಲ್ಲೇ ಓಡಿಬಂದಳು. ನನ್ನ ಮುಖ ನೋಡಿದವಳೇ ಏನೂ ಕೇಳದೆ ಬೆಂಚಿನ ಮೇಲೆ ಕುಸಿದಳು. ಒಗೆಯುವ ಪುಡಿಗೆ ಅವಳ ಅಂಗೈ ಬಿರುಕು ಬಿಟ್ಟಿತ್ತು. ಆ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ನಾನೂ ಅತ್ತೆ.

ಎದುರಿನ ಬೆಂಚಿನಲ್ಲಿ ಮಗ ಕೂತಿದ್ದ. ಅಳುತ್ತಿರಲಿಲ್ಲ. ಫೋನು ತೆಗೆದು ಬೆರಳಿನಿಂದ ಹಿಂದಕ್ಕೆ ಹಿಂದಕ್ಕೆ ಸರಿಸುತ್ತಿದ್ದ. "ಇದು ಅಮ್ಮಂದು" ಎಂದ, ಯಾರಿಗೆಂದು ಗೊತ್ತಿಲ್ಲ. ಸರಿಸಿದ. "ಇದೂ ಅಮ್ಮಂದು. ಇದೂ." ಪ್ರತಿ ರಾತ್ರಿಯ ಮೇಲೂ ಬೆರಳಿಟ್ಟು ಹೇಳುತ್ತ ಹೋದ. ಪರದೆಯ ಹಸಿರು ಅವನ ಕನ್ನಡಕದಲ್ಲಿ ಕಾಣುತ್ತಿತ್ತು. ಕೊನೆಗೆ ಹಸಿರು ಮುಗಿಯಿತು, ನೀಲಿ ಬಂತು. ಬೆರಳು ನಿಂತಿತು. ಅವನು ತಲೆಯೆತ್ತಿ ಗೂಬಕ್ಕನನ್ನು ನೋಡಿದ.

"ಇದು ನೀವು ಇದ್ದಾಗಿಂದು."

"ಹೌದು."

"ನೀವು ಆಗ ಎಚ್ಚರ ಇದ್ರಿ."

"ಇದ್ದೆ."

"ಹಾಗಾದ್ರೆ ಈ ನೀಲಿ ಎಲ್ಲ ಏನು?"

ಗೂಬಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಮ್ಮ ಮಲಗಿದ್ದಷ್ಟು ಹೊತ್ತು ನಾನು ಕೈ ಅಲ್ಲಾಡಿಸ್ತಿರಲಿಲ್ಲ. ಅದು ಅವ್ರ ನಿದ್ದೆ" ಎಂದಳು.

ಅವನು ಆ ನೀಲಿಯನ್ನು ಬಹಳ ಹೊತ್ತು ನೋಡಿದ. "ನಂಗೆ ಯಾಕೆ ಯಾರೂ ಹೇಳ್ಲಿಲ್ಲ ಇದನ್ನ?"

ನನಗೆ ನೆತ್ತಿಗೇರಿತು. ಇಷ್ಟು ದಿನದ್ದೆಲ್ಲ ಸೇರಿಸಿ ಅವನ ಮುಖಕ್ಕೆ ಎಸೆಯಲು ಎದ್ದು ನಿಂತೆ. ಗೂಬಕ್ಕ ನನ್ನ ಕೈ ಹಿಡಿದು ಕೂರಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ನಿಮ್ಮ ಅಮ್ಮ ಹೇಳಿದ್ರಲ್ಲ ಸಾರ್" ಎಂದಳು.